ಗುಳಿಗೆ ಕೊಟ್ಟದ್ದು, ಗುಳಿಗೆ ಒಯ್ದದ್ದು

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಇಪ್ಪತ್ತೈದು ವರ್ಷ ನಿಂತಿದ್ದೇನೆ. ನಗು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಿಲ್ಲ. ಡಾಕ್ಟರ ಚೀಟಿ ಹಿಡಿದುಕೊಂಡು ಅದೇ ಬರುತ್ತದೆ.

ಅದರಲ್ಲೂ ಒಂದು ವಿಷಯ ಎತ್ತಿದರೆ ಸಾಕು, ಏನಾದರೊಂದು ನಡೆದೇ ನಡೆಯುತ್ತದೆ. ವರ್ಷಗಟ್ಟಲೆ ನುಂಗುವ ಕೆಲವು ಗುಳಿಗೆಗಳು ರೋಗವನ್ನು ಹದ್ದುಬಸ್ತಿನಲ್ಲಿಡುತ್ತವೆ, ಜೊತೆಗೆ ಮೈಯಲ್ಲಿನ ಸತ್ವವನ್ನೂ ಸದ್ದಿಲ್ಲದೆ ಇಳಿಸುತ್ತವೆ. ಸಕ್ಕರೆ ಕಾಯಿಲೆಯ ಗುಳಿಗೆಯಿಂದ ಕೆಲವರಿಗೆ ಬಿ-ಹನ್ನೆರಡು ಎಂಬ ವಿಟಮಿನ್ ಕಡಿಮೆಯಾಗಿ ಕಾಲು ಜೋಮು ಹಿಡಿಯುತ್ತದೆ. "ಗುಳಿಗಿ ಬಿಡಬ್ಯಾಡ್ರಿ, ಆದ್ರ ಡಾಕ್ಟರ್‍ನ ಕೇಳಿ ರಕ್ತ ಚೆಕ್ ಮಾಡಸ್ರಿ" ಎಂದು ಎಲ್ಲರಿಗೂ ಹೇಳುತ್ತೇನೆ.

ಅದೇ ಗುಳಿಗೆಯನ್ನು ನಾನೂ ಒಂಬತ್ತು ವರ್ಷದಿಂದ ನುಂಗುತ್ತಿದ್ದೇನೆ. ಆದರೆ ಆ ಚೆಕ್ ಮಾತ್ರ ಮಾಡಿಸಿರಲಿಲ್ಲ. ಬೆರಳು ಚುಚ್ಚಿಸಿಕೊಳ್ಳುವಷ್ಟು ಧೈರ್ಯ ನನಗಿದೆ. ತೋಳಿಗೆ ಸಿರಿಂಜು ಎಂದರೆ ಮಾತ್ರ ಓಡಿಹೋಗುತ್ತೇನೆ. ಇದು ಗೊತ್ತಿದ್ದದ್ದು ನನ್ನ ಹೆಂಡತಿಗೊಬ್ಬಳಿಗೆ. "ಊರಿಗೆಲ್ಲಾ ಹೇಳ್ತೀರಿ, ನಿಮ್ಮ ತೋಳು ಯಾವಾಗ ಚಾಚ್ತೀರಿ?" ಎಂದು ಕೇಳುತ್ತಿದ್ದಳು. "ಮುಂದಿನ ವಾರ" ಎನ್ನುತ್ತಿದ್ದೆ. ಆ ವಾರ ಒಂಬತ್ತು ವರ್ಷ ಬರಲೇ ಇಲ್ಲ.

ಎಕರೆಗೆ ಎಷ್ಟು?

ಮೊದಲು ಹಿರೇಕೆರೂರಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಸಕ್ಕರೆ ಕಾಯಿಲೆಯ ಗುಳಿಗೆ ಒಯ್ಯಲು ಬಂದ, ಗೋವಿನಜೋಳ ಬೆಳೆಯುವ ರೈತರೊಬ್ಬರಿಗೆ ಈ ಸತ್ವದ ಕಥೆಯನ್ನೆಲ್ಲ ಹೇಳಿದೆ. ಅವರು ತಕ್ಷಣ, "ವರ್ಷಾ ಗೋವಿನಜೋಳ ಹಾಕಿದ್ರ ಹೊಲದಾಗಿನ ಜಿಂಕ್ ಸತ್ವ ಹೋಗ್ತೈತಲ್ಲ, ಹಂಗ ಅನ್ರಿ" ಎಂದರು. ಇಷ್ಟು ಚೆನ್ನಾಗಿ ಯಾರಿಗೂ ಅರ್ಥವಾಗಿರಲಿಲ್ಲ. ನನಗೆ ಭಾರಿ ಖುಷಿಯಾಯಿತು.

ಮುಂದಿನ ಸಂತೆಯ ದಿನ ಅವರು ಕೌಂಟರಿನ ಮೇಲೆ ಒಂದು ದೊಡ್ಡ ಪೊಟ್ಟಣ ಇಟ್ಟರು. ಅದರ ಮೇಲೆ ಜೋಳದ ತೆನೆಯ ಚಿತ್ರ.

"ಗೊಬ್ಬರದಂಗಡ್ಯಾಗ ತಂದೇನ್ರಿ. ಇದ್ರಾಗ ಎಲ್ಲಾ ಸತ್ವ ಐತಂತ. ಊಟಕ್ಕ ಮೊದ್ಲ ತಗೋಬೇಕೋ, ಆಮ್ಯಾಲೋ?"

ಎರಡೂ ಕೈಯಿಂದ ಪೊಟ್ಟಣವನ್ನು ಕಸಿದುಕೊಂಡೆ. "ಬಾಯಿಗೆ ಹಾಕೀರೇನ್ರಿ?"

"ಇಲ್ರಿ. ಎಕರೆಕ್ಕ ಎಷ್ಟು ಅಂತ ಅವ ಹೇಳ್ಯಾನ. ನಾ ಎಷ್ಟು ಗುಂಟೆ ಆಗ್ತೇನಿ ಅಂತ ತಿಳೀಲಿಲ್ಲ, ಅದಕ್ಕ ಕೇಳಾಕ ಬಂದೆ."

ಉಡಿಯೊಳಗಿನ ಬಾಳೆಹಣ್ಣು

ಸವಣೂರಿನಲ್ಲಿದ್ದಾಗ ಬಿಪಿಗೆ ನೀರಿನ ಗುಳಿಗೆ ನುಂಗುವ ಹಿರಿಯರೊಬ್ಬರು ಬರುತ್ತಿದ್ದರು. ಆ ಗುಳಿಗೆ ಮೂತ್ರದ ಜೊತೆ ಪೊಟ್ಯಾಸಿಯಮ್ ಎಂಬ ಲವಣವನ್ನೂ ಹೊರಗೆ ಕಳಿಸುತ್ತದೆ. ಅವರಿಗೆ ಮೀನಖಂಡ ಹಿಡಿದೆಳೆಯುತ್ತಿತ್ತು. ಆ ಲವಣ ತುಂಬಿಕೊಳ್ಳಲಿ ಎಂದು ಡಾಕ್ಟರು ದಿನಕ್ಕೊಂದು ಬಾಳೆಹಣ್ಣು ತಿನ್ನಲು ಹೇಳಿದರು. ತಿಂಗಳಾದರೂ ಸೆಳೆತ ನಿಲ್ಲಲಿಲ್ಲ.

"ಹಣ್ಣು ತಿಂತೀರಲ್ರೀ?" ಎಂದು ಕೇಳಿದೆ.

"ಡಜನ್‍ಗಟ್ಟಲೆ ತರ್ತೇನಿ. ತಿನ್ನಾಕ ಎಲ್ಲಿ ಸಿಗ್ತಾವ್ರಿ? ಮನಿಗೆ ಬಂದ ಹೆಣ್ಮಕ್ಕಳಿಗೆಲ್ಲಾ ಇಕಿ ಕುಂಕುಮ ಹಚ್ಚಿ, ಉಡ್ಯಾಗ ಒಂದೊಂದು ಹಣ್ಣು ಹಾಕಿ ಕಳಸ್ತಾಳ. ಈಗ ನಮ್ಮ ಓಣ್ಯಾಗ ಕಾಲು ಸೆಳೆತ ಇರೋದು ನನಗೊಬ್ಬಂಗ."

ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. "ಮುತ್ತೈದೇರನ್ನ ಬರಿಗೈಲೆ ಕಳಸಾಕ ಬರ್ತೈತೇನ್ರಿ?" ಎಂದು ನನ್ನನ್ನೇ ಕೇಳಿದರು. ಹಣ್ಣು ಔಷಧಿ ಇದ್ದ ಹಾಗೆ, ಒಂದನ್ನಾದರೂ ಇವರಿಗೆ ಇಡಿ ಎಂದು ಬೇಡಿಕೊಂಡೆ. ಆ ತಾಯಿ ಸ್ವಲ್ಪ ಯೋಚಿಸಿ ಒಪ್ಪಿದರು.

"ಆತ್ರಿ. ನಾಳಿಂದ ಇವರಿಗೂ ಕುಂಕುಮ ಹಚ್ಚಿ ಕೊಡ್ತೇನಿ."

ಬಾರದ ಬಸ್ಸು

ಶಿಗ್ಗಾವಿಯಲ್ಲಿ ದುಂಡಸಿಯ ನಿವೃತ್ತ ಮಾಸ್ತರೊಬ್ಬರಿಗೆ ಸಕ್ಕರೆ ಕಾಯಿಲೆಯ ಗುಳಿಗೆಯ ಪಾಠ ಹೇಳುತ್ತಿದ್ದೆ. ಅವರು ಎಲ್ಲ ಕೇಳಿ, ಕನ್ನಡಕದ ಮೇಲಿಂದ ನೋಡಿ, "ನೀವೂ ಇದ ಗುಳಿಗಿ ತಗೋತೀರಂತಲ್ಲ. ನಿಮ್ಮ ಬಿ-ಹನ್ನೆರಡು ಎಷ್ಟೈತಿ?" ಎಂದರು.

"ಸರ್, ನಿಮ್ಮ ಬಸ್ ಬಂತು ನೋಡ್ರಿ" ಎಂದೆ.

"ದುಂಡಸಿ ಬಸ್ ಹೋಗಿ ಹತ್ತು ನಿಮಿಷ ಆತು. ನಿಮ್ಮ ಧೈರ್ಯಾನೂ ಅದ್ರಾಗ ಹತ್ತಿ ಹೋದಂಗ ಕಾಣ್ತೈತಿ."

ಒಂದು ಕಾಲಿನ ಚಪ್ಪಲಿ

ಕೊನೆಗೆ ಹಾನಗಲ್ಲಿಗೆ ಬಂದು ಸ್ವಂತ ಅಂಗಡಿ ಹಾಕಿದೆ. ಪಕ್ಕದಲ್ಲಿ ಡಾಕ್ಟರು, ಅವರ ಪಕ್ಕದಲ್ಲಿ ಲ್ಯಾಬು. ಒಂದು ಬೆಳಿಗ್ಗೆ ಆಡೂರಿನ ಅಜ್ಜಿಯೊಬ್ಬಳು ಒಂದೇ ಚಪ್ಪಲಿಯಲ್ಲಿ ಬಂದು, "ಯಪ್ಪಾ, ಯಾವನೋ ನನ್ನ ಚಪ್ಪಲಿ ಕದ್ದಾನ" ಎಂದಳು.

"ಒಂದ ಕಾಲಿನ ಚಪ್ಪಲಿ ಯಾವ ಕಳ್ಳ ಒಯ್ತಾನವ್ವಾ?" ಎಂದೆ.

ವಿಚಾರಿಸಿದರೆ ಆಕೆಯೂ ಹತ್ತು ವರ್ಷದಿಂದ ಸಕ್ಕರೆ ಗುಳಿಗೆ ನುಂಗಿದವಳು. ಪಾದಕ್ಕೆ ಸ್ಪರ್ಶವೇ ಕಡಿಮೆಯಾಗಿ, ಚಪ್ಪಲಿ ಕಳಚಿ ಬಿದ್ದದ್ದು ಗೊತ್ತಾಗಿರಲಿಲ್ಲ. ಡಾಕ್ಟರು ರಕ್ತ ನೋಡಿ ಬಿ-ಹನ್ನೆರಡರ ಇಂಜೆಕ್ಷನ್ ಕೊಟ್ಟರು. ಕೆಲವು ತಿಂಗಳ ಮೇಲೆ, "ಈಗ ಸಣ್ಣ ಕಲ್ಲು ಚುಚ್ಚಿದ್ರೂ ಗೊತ್ತಾಕ್ಕೈತಿ" ಎಂದು ನನಗೆ ಪಾದ ಎತ್ತಿ ತೋರಿಸಿ ಹೋದಳು.

ಅದಾದ ಮೇಲೆ ಒಂದು ದಿನ ಅಂಗಡಿ ತುಂಬ ಗಿರಾಕಿ. ಅಜ್ಜಿ ಬಂದಳು, ಕೈಯಲ್ಲಿ ಗಂಡಸರ ಚಪ್ಪಲಿ.

"ಬಸ್ ಸ್ಟ್ಯಾಂಡಿನ ಮುಂದ ಬಿದ್ದಿತ್ತು. ಗುರ್ತಿನ ಚಪ್ಪಲಿ ಅನ್ನಿಸ್ತು."

ಕೆಳಗೆ ನೋಡಿಕೊಂಡೆ. ನನ್ನ ಬಲಗಾಲು ಬರಿದಾಗಿತ್ತು, ಹಿಮ್ಮಡಿಯವರೆಗೆ ಧೂಳು. ಬಸ್ ಸ್ಟ್ಯಾಂಡಿನಿಂದ ಅಂಗಡಿಯವರೆಗೆ ಹಾಗೇ ನಡೆದು ಬಂದಿದ್ದೆ. ನಿಜವಾಗಿಯೂ ಹೆದರಿದೆ. ಆದರೂ ಗಿರಾಕಿಗಳ ಮುಂದೆ ಮಾನ ಉಳಿಸಿಕೊಳ್ಳಲು, "ಯಾವನೋ ಕದ್ದಿರಬೇಕವ್ವಾ" ಎಂದೆ.

"ಒಂದ ಕಾಲಿನ ಚಪ್ಪಲಿ ಯಾವ ಕಳ್ಳ ಒಯ್ತಾನೋ ಯಪ್ಪಾ?"

ಅಷ್ಟೇ. ಕೌಂಟರಿನ ಹಲಗೆ ಎತ್ತಿ, ಮಣಿಕಟ್ಟು ಹಿಡಿದು ನನ್ನನ್ನು ಲ್ಯಾಬಿಗೆ ಎಳೆದುಕೊಂಡು ಹೋದಳು. ಗಿರಾಕಿಗಳೂ ಹಿಂದೆಯೇ ಬಂದರು. "ಕಣ್ಣು ಮುಚ್ಚು. ಇರಿವಿ ಕಚ್ಚಿದಂಗ ಅಷ್ಟ" ಎಂದಳು. ಅದು ಆಕೆಯ ರಕ್ತ ತೆಗೆಸಿದ ದಿನ ನಾನೇ ಆಕೆಗೆ ಹೇಳಿದ್ದ ಮಾತು. ತೋಳಿಗೆ ಏನೋ ತಣ್ಣಗೆ ತಾಗಿದ್ದೇ ತಡ, "ಯವ್ವಾ" ಎಂದು ಚೀರಿದೆ.

ಲ್ಯಾಬಿನವನು, "ಇನ್ನೂ ಚುಚ್ಚಿಲ್ರಿ. ಸ್ಪಿರಿಟ್ ಹಚ್ಚಾಕತ್ತೇನಿ" ಎಂದ.

ಬಿ-ಹನ್ನೆರಡು ತಳ ಕಂಡಿತ್ತು. "ಸರಿಯಾದ ಹೊತ್ತಿಗೆ ಬಂದ್ರಿ, ಕಾಲು ಸುಧಾರಿಸ್ತಾವು" ಎಂದು ಡಾಕ್ಟರು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಆ ಸಂಜೆ ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಒಪ್ಪಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, ಬಾಗಿಲಲ್ಲಿದ್ದ ನನ್ನ ಚಪ್ಪಲಿಗಳನ್ನು ಒಮ್ಮೆ ನೋಡಿದಳು.

"ಒಂಬತ್ತು ವರ್ಷ ಬಾಯಿಲೆ ಹೇಳಿ ಹೇಳಿ ಸಾಕಾತು. ಚಪ್ಪಲಿ ತೋರಿಸಿದ್ರ ಕೇಳ್ತೀರಿ ಅಂತ ಗೊತ್ತಿದ್ರ, ಮೊದಲನೇ ದಿನಾನ ಕೈಯಾಗ ಹಿಡೀತಿದ್ದೆ."