ಮಾವನ ಬಂದೂಕು ಮಾರಿದ ಅಳಿಯ

ಮಾವ ತೀರಿಕೊಂಡರೆ ಅಳಿಯನಿಗೆ ಏನಾದರೂ ಬರುತ್ತದೆ ಎಂದು ಲೋಕ ನಂಬಿದೆ. ಒಬ್ಬನಿಗೆ ಸೈಟು ಬರುತ್ತದೆ, ಇನ್ನೊಬ್ಬನಿಗೆ ಹಳೆಯ ಜೀಪು, ಏನೂ ಇಲ್ಲದವನಿಗೆ ಮಾವನ ಉಣ್ಣೆಯ ಕೋಟಾದರೂ ಬರುತ್ತದೆ. ವಿಜಯಪುರದ ಒಂದು ಪತ್ತಿನ ಸೊಸಾಯಿಟಿಯಲ್ಲಿ ಕ್ಯಾಶಿಯರ್ ಆಗಿದ್ದ ಅಶ್ಫಾಕನಿಗೆ ಬಂದದ್ದು ಜೋಡುನಳಿಗೆಯ ಬಂದೂಕು. ಬಂದೂಕಾದರೂ ಬಂತೇ ಎಂದರೆ ಅದೂ ಇಲ್ಲ, ಅದನ್ನು ಕಾಯದೆ ಪ್ರಕಾರ ಮಾರಿಕೊಡುವ ಕೆಲಸ ಬಂತು.

ಅಶ್ಫಾಕನಷ್ಟು ನಿರಾಯುಧ ಮನುಷ್ಯ ಇಡೀ ಜಿಲ್ಲೆಯಲ್ಲಿ ಇದ್ದಿರಲಾರ. ದೀಪಾವಳಿ ಬಂತೆಂದರೆ ಕಿವಿಗೆ ಹತ್ತಿ ತುರುಕಿಕೊಂಡು ನೋಟು ಎಣಿಸುವವನು. ಕುಕ್ಕರು ಸೀಟಿ ಹೊಡೆದರೆ ಒಂದು ಹೆಜ್ಜೆ ಹಿಂದೆ ಸರಿಯುವವನು. ಮಾವ ಮಲಂಗಸಾಬರ ಖದರೇ ಬೇರೆ. ತಿಕೋಟಾ ಹತ್ತಿರದ ಘೋಣಸಗಿಯಲ್ಲಿ ಅವರಿಗೆ ಹೊಲ, ದ್ರಾಕ್ಷಿ ತೋಟ ಎರಡೂ ಇದ್ದವು. ಬೆಳೆಗೆ ನುಗ್ಗುವ ಕಾಡುಹಂದಿಗಳನ್ನು ಓಡಿಸಲು ಸರಕಾರದಿಂದ ಲೈಸೆನ್ಸ್ ಪಡೆದು ಬಂದೂಕು ಇಟ್ಟುಕೊಂಡಿದ್ದರು. ಅದನ್ನು ಹೆಗಲಿಗೇರಿಸಿ ಅವರು ಬದುವಿನ ಮೇಲೆ ನಿಂತರೆ ಹಂದಿಯಿರಲಿ, ಸಾಲ ಕೇಳಲು ಬಂದ ಬೀಗರೂ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದರು.

ಮಾವನ ನಲವತ್ತನೇ ದಿನದ ಫಾತಿಹಾ ಮುಗಿದು, ಬಂದವರೆಲ್ಲ ಉಂಡು ಹೋದ ಮೇಲೆ ಅತ್ತೆ ಮದೀನಾಬಿ ಒಳಗಿನಿಂದ ಕೌದಿಯಲ್ಲಿ ಸುತ್ತಿದ್ದ ಏನನ್ನೋ ಎತ್ತಿಕೊಂಡು ಬಂದು ನಡುಮನೆಯಲ್ಲಿ ಮಲಗಿಸಿದರು. ಕೌದಿ ಬಿಚ್ಚಿದಾಗ ಅಶ್ಫಾಕ ಕುರ್ಚಿಯಿಂದ ಎದ್ದೇಬಿಟ್ಟ.

“ಇದನ್ನ ಇಷ್ಟ ದಿನಾ ಮನ್ಯಾಗ ಇಟ್ಕೊಂಡೀರೇನು?”

“ಮತ್ತ ಎಲ್ಲಿ ಇಡಬೇಕು?” ಎಂದರು ಅತ್ತೆ. “ಅವರು ಇದ್ದಾಗ ಇಲ್ಲೇ ಇತ್ತು.”

“ಲೈಸೆನ್ಸ್ ಇದ್ದದ್ದು ಮಾವಾರ ಹೆಸರಿಗೆ. ಅವರು ಹೋದ ಮ್ಯಾಲ ಇದು ಪೊಲೀಸ್ ಸ್ಟೇಶನ್ನಾಗ ಜಮಾ ಆಗಬೇಕು. ಇಲ್ಲಾಂದ್ರ ನಮ್ಮನ್ನ ಜಮಾ ಮಾಡ್ಕೋತಾರ!”

“ಸ್ಟೇಶನ್ನಾಗ ಯಾಕ ಕುಂದರಬೇಕು? ಅದೇನ ಕಳುವು ಮಾಡೈತೇನು?”

ಈ ಪ್ರಶ್ನೆಗೆ ಯಾವ ಕಾಯದೆಯಲ್ಲೂ ಉತ್ತರವಿರಲಿಲ್ಲ. ಅಶ್ಫಾಕ ಸಹಾಯಕ್ಕಾಗಿ ಹೆಂಡತಿಯ ಅಣ್ಣ ರಸೂಲಸಾಬನ ಕಡೆ ನೋಡಿದ. ತೋಟ ನೋಡಿಕೊಳ್ಳುತ್ತಿದ್ದವನು ಅವನೇ. ರಸೂಲಸಾಬ ಆಗಲೇ ಚಪ್ಪಲಿ ಮೆಟ್ಟಿ ಹೊಸ್ತಿಲ ಹೊರಗಿದ್ದ.

“ನೀವು ಕಲ್ತಾವ್ರು ಅದೀರಿ, ನೀವ ಮಾಡ್ರಿ. ನನಗ ಚಾಟಣಿ ಐತಿ.”

(ಚಾಟಣಿ ಎಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ. ಉಳಿದವರ ತೋಟದಲ್ಲಿ ಅದಕ್ಕೊಂದು ಹಂಗಾಮು ಇರುತ್ತದೆ. ರಸೂಲಸಾಬನ ತೋಟದಲ್ಲಿ ಅವನಿಗೆ ಯಾರಾದರೂ ಕೆಲಸ ಹೇಳಿದಾಗಲೆಲ್ಲ ಇರುತ್ತಿತ್ತು.)

“ಅಬ್ಬಾನ ಬಂದೂಕ ಮಂದಿಗೆ ಯಾಕ ಮಾರಬೇಕ್ರಿ?” ಎಂದು ಹೆಂಡತಿ ತಸ್ಲೀಮ ಶುರು ಮಾಡಿದಳು. “ನಿಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸ್ಕೊಳ್ರಿ. ಮನ್ಯಾಗ ಉಳೀತೈತಿ.”

“ನಾನಾ? ನಾ ಹಲ್ಲಿ ಓಡಸಾಕ ನಿನ್ನ ಕರೀತೇನಿ.”

“ಹೌದಲ್ಲ. ಬ್ಯಾಡ, ಬ್ಯಾಡ. ಮಾರೇ ಬಿಡ್ರಿ.”

ಅವಳು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಅಶ್ಫಾಕನಿಗೆ ಸ್ವಲ್ಪ ನೋವಾಯಿತು.

ಲೈಸೆನ್ಸ್ ಇಲ್ಲದವರು ಬಂದೂಕು ಹೊತ್ತು ರಸ್ತೆಗೆ ಇಳಿಯುವಂತಿಲ್ಲ. ಆದ್ದರಿಂದ ಅಶ್ಫಾಕ ತಾನೇ ತಿಕೋಟಾ ಸ್ಟೇಶನ್ನಿಗೆ ಫೋನು ಮಾಡಿ, ವಿಷಯ ತಿಳಿಸಿ, ಬಂದು ಒಯ್ಯಿರಿ ಎಂದು ವಿನಂತಿಸಿದ. ಬಂದವರು ಹವಾಲ್ದಾರ ಭಾಗಪ್ಪ, ಬಲು ಸಂಭಾವಿತ ಮನುಷ್ಯ. ಆದರೆ ಜೀಪಿನಲ್ಲಿ ಬಂದರು. ಸಹಿ ಮಾಡಲು ಅಶ್ಫಾಕನೂ ಆ ಜೀಪು ಹತ್ತಬೇಕಾಯಿತು. ಪೊಲೀಸ್ ಜೀಪು, ಹಿಂದೆ ಬಂದೂಕು, ಬಂದೂಕಿನ ಪಕ್ಕದಲ್ಲಿ ಬೆವರುತ್ತ ಕುಳಿತ ಅಳಿಯ. ಇಷ್ಟು ಸಾಕಾಯಿತು ಊರಿಗೆ. ಜೀಪು ತಿಕೋಟಾ ಮುಟ್ಟುವ ಮೊದಲೇ ಸುದ್ದಿ ಬಿಜ್ಜರಗಿ ಮುಟ್ಟಿ, ಅಲ್ಲಿಂದ ವಿಜಯಪುರಕ್ಕೆ ಹೋಗಿ, ಸೊಸಾಯಿಟಿಯ ಚೇರಮನ್ನರ ಫೋನಿನ ರೂಪದಲ್ಲಿ ಅವನ ಕಿಸೆಯಲ್ಲಿ ಗುಂಯ್‌ಗುಟ್ಟಿತು.

“ಅಶ್ಫಾಕ, ಗಾಬ್ರಿ ಆಗಬ್ಯಾಡ. ವಕೀಲರನ್ನ ನೋಡೋಣು. ಮೊದಲ ಹೇಳು, ತಿಜೋರಿ ಕೀಲಿ ಎಲ್ಲಿಟ್ಟಿ?”

ಮುಂದಿನ ಕೆಲಸ ಡೀಸಿ ಕಚೇರಿಯದು. ವಾರಸುದಾರರೆಲ್ಲ ಒಪ್ಪಿ ಅರ್ಜಿ ಕೊಟ್ಟರೆ, ಲೈಸೆನ್ಸ್ ಇದ್ದವರಿಗೆ ಅಥವಾ ಪರವಾನಗಿ ಪಡೆದ ಬಂದೂಕಿನ ಅಂಗಡಿಗೆ ಮಾರಲು ಅನುಮತಿ ಸಿಗುತ್ತದೆ. ವಾರಸುದಾರರು ಮೂವರೇ. ತಸ್ಲೀಮ ಸಹಿ ಹಾಕಿದಳು. ರಸೂಲಸಾಬ ಚಾಟಣಿಯ ನಡುವೆ ಮೋಟರ್‌ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಉಳಿದವರು ಮದೀನಾಬಿ. ಅವರನ್ನು ಅಶ್ಫಾಕ ರಜೆ ಹಾಕಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಸಿ, ರಾಣಿಯನ್ನು ಕರೆತಂದಂತೆ ಕಚೇರಿಗೆ ಕರೆತಂದ.

ಅಲ್ಲಿದ್ದ ಗುಮಾಸ್ತರು ಕಾಗದಗಳನ್ನೆಲ್ಲ ನೋಡಿ, ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸಿ, ಮರ್ಯಾದೆಯಿಂದಲೇ ಕೇಳಿದರು. “ಅಮ್ಮಾರ, ಈ ಬಂದೂಕ ನೀವು ಸ್ವಂತ ಖುಶೀಲೆ ಮಾರಾಕತ್ತೀರಿ, ಹೌದಲ್ರಿ?”

“ಇಲ್ರಿ,” ಎಂದರು ಮದೀನಾಬಿ.

ಅಶ್ಫಾಕನಿಗೆ ಡೀಸಿ ಕಚೇರಿಯ ಫ್ಯಾನುಗಳೆಲ್ಲ ಒಮ್ಮೆಗೇ ನಿಂತಂತಾಯಿತು.

“ಮತ್ತ ಯಾರ ಖುಶೀಲೆರಿ?”

“ನಮ್ಮ ಅಳಿಯಾರಿಗೆ ಖುಶಿ ಐತಿ. ನನ್ನ ಯಾರು ಕೇಳ್ಯಾರ?”

ಗುಮಾಸ್ತರು ಪೆನ್ನಿನ ಟೊಪ್ಪಿಗೆ ಮುಚ್ಚಿ, ಅಶ್ಫಾಕನನ್ನು ಮೇಲಿಂದ ಕೆಳಗೆ ನೋಡಿದರು. ಮುದುಕಿಯ ಆಸ್ತಿ ಹೊಡೆಯಲು ಬಂದ ಕಟುಕನನ್ನು ನೋಡುವ ನೋಟ ಅದು. “ಮನ್ಯಾಗ ಕುಂತು ಮಾತಾಡ್ಕೊಂಡು ಬರ್ರಿ,” ಎಂದರು.

ಆ ಸಂಜೆ ಮನೆಯಲ್ಲಿ ಕುಂತು ಮಾತಾಡಿಕೊಂಡದ್ದನ್ನು ಎದುರು ಮನೆಯವರೂ ಗ್ಯಾಲರಿಗೆ ಬಂದು ಕೇಳಿದರು. ಜೋಡುನಳಿಗೆ ಎಂದರೇನು ಎಂಬುದು ಅಶ್ಫಾಕನಿಗೆ ಪೂರ್ತಿ ಅರ್ಥವಾದದ್ದು ಅವತ್ತೇ. ತಾಯಿ ಒಂದು ಕಡೆಯಿಂದ, ಮಗಳು ಇನ್ನೊಂದು ಕಡೆಯಿಂದ.

“ನಾ ರಜಾ ಹಾಕಿ ಅಡ್ಡಾಡಾಕತ್ತೇನಿ, ನೀವು ಅಲ್ಲಿ ಇಲ್ಲ ಅಂತೀರಿ!”

“ಅಮ್ಮಿ ಮುಂದ ದನಿ ಏರಿಸಬ್ಯಾಡ್ರಿ,” ಎಂದು ತಸ್ಲೀಮ ತನ್ನ ದನಿ ಏರಿಸಿದಳು.

“ಅಲ್ಲ, ಅಮ್ಮಾ, ಮಾರೂದು ಬ್ಯಾಡಾಗಿದ್ರ ಮೊದಲ ಹೇಳಬಾರದಾ?”

“ಬ್ಯಾಡ ಅಂತ ಯಾರು ಅಂದಾರ?” ಮದೀನಾಬಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಮಾರ್ರಿ. ಆದ್ರ ಯಾರಿಗೆ ಅಂತ ನಾ ನೋಡ್ತೇನಿ. ಅವರು ಅದನ್ನ ಎಂದೂ ಜೀವದ ಮ್ಯಾಲ ಹಾರಿಸಿಲ್ಲ. ಮುಗಿಲ ಕಡೆ ಹಾರಸ್ತಿದ್ರು. ಅದಕ್ಕೂ ಮೊದಲ ಹಂದಿಗೋಳಿಗೆ ಕೂಗಿ ಹೇಳ್ತಿದ್ರು, ‘ಹಾರಸ್ತೇನಿ, ಓಡ್ರಿ’ ಅಂತ. ಅಂಥಾದ್ದನ್ನ ಯಾವನೋ ಹುಂಬಗ ಕೊಟ್ಟ್ರ ನನಗ ನಿದ್ದಿ ಬರತೈತೇನು?”

ಹುಲಿಯಂತಿದ್ದ ಮಾವ ಹಂದಿಗೆ ‘ಓಡ್ರಿ’ ಎಂದು ಬಹುವಚನ ಹಚ್ಚುತ್ತಿದ್ದರು ಎಂಬುದು ಅಶ್ಫಾಕನಿಗೆ ಗೊತ್ತಿರಲಿಲ್ಲ. ಆಗಲಿ ಎಂದ. ಹಾಗೆಂದದ್ದೇ ತಪ್ಪಾಯಿತು.

ಮೊದಲು ಬಂದವನು ಬಿಜ್ಜರಗಿಯ ಒಬ್ಬ ಗಡಸು ಮೀಸೆಯ ಸಾಹುಕಾರ. ಲೈಸೆನ್ಸ್ ಇತ್ತು, ದುಡ್ಡಿತ್ತು, ಅವಸರವೂ ಇತ್ತು. ಮದೀನಾಬಿ ಚಹಾ ಕೊಟ್ಟು ಕೇಳಿದರು. “ಬಂದೂಕ ತೊಗೊಂಡು ಏನ ಮಾಡಾವ್ರು?”

“ಬರೂ ತಿಂಗಳ ಮಗನ ಲಗ್ನ ಐತ್ರಿ, ಚಾಚಿ. ವರಾತ್ಯಾಗ ಎರಡ ಗುಂಡ ಹಾರಿಸಿದ್ರ ಊರ ನೋಡಬೇಕು!”

“ಗುಂಡ ಹಾಕಿ ಗುಂಡ ಹಾರಸಾವನಿಗೆ ಕೊಡೂದಿಲ್ಲ,” ಎಂದು ಮದೀನಾಬಿ ಎದ್ದು ಒಳಗೆ ಹೋದರು. ಮದುವೆ ಮೆರವಣಿಗೆಯಲ್ಲಿ ಹಾಗೆ ಹಾರಿಸುವುದು ಗುನ್ನೆ ಎಂದು ಅಶ್ಫಾಕನೂ ಮೆಲ್ಲಗೆ ಸೇರಿಸಿದ. ಸಾಹುಕಾರ ಮೀಸೆ ತಿರುವಿ ಅವನ ಕಡೆ ನೋಡಿದ್ದರಿಂದ, ಚಹಾಕ್ಕೆ ಸಕ್ಕರೆ ಸಾಲದೇನೋ ಎಂದು ಮಾತು ಬದಲಿಸಿದ.

ಎರಡನೆಯವರು ಪರವಾನಗಿ ಪಡೆದ ಬಂದೂಕಿನ ಅಂಗಡಿಯವರು. ಅಶ್ಫಾಕನ ಮಟ್ಟಿಗೆ ಇದಕ್ಕಿಂತ ಸರಳ ದಾರಿ ಇರಲಿಲ್ಲ. ಆದರೆ ಅವರು ತಿಕೋಟಾ ಸ್ಟೇಶನ್ನಿನಲ್ಲಿ, ಸಾಹೇಬರ ಒಪ್ಪಿಗೆ ಪಡೆದು ಬಂದೂಕು ನೋಡುವಾಗ, ‘ಹಳೇ ಮಾಲು’ ಎಂದರು. ಮದೀನಾಬಿ ಪೊಲೀಸರ ಎದುರಿಗೇ, “ನೀನೇನ ನಿನ್ನಿ ಹುಟ್ಟೀಯೇನೋ?” ಎಂದು ಕೇಳಿದರು. ಭಾಗಪ್ಪ ಹವಾಲ್ದಾರರು ನಗು ತಡೆಯಲಾರದೆ ಕೆಮ್ಮುತ್ತ ಹೊರಗೆ ಹೋದರು. ವ್ಯವಹಾರವೂ ಅವರ ಹಿಂದೆಯೇ ಹೊರಗೆ ಹೋಯಿತು.

ತಿಂಗಳುಗಳು ಉರುಳಿದವು. ಸೊಸಾಯಿಟಿಯಲ್ಲಿ ಅಶ್ಫಾಕನ ರಜೆಗಳು ಮುಗಿದು, ಸಂಬಳ ಕಡಿತ ಶುರುವಾಯಿತು. ಅವನು ಊಟದ ಹೊತ್ತಿನಲ್ಲಿ, “ಅದನ್ನ ಸರಕಾರಕ್ಕ ಒಪ್ಪಿಸಿ ಕೈ ತೊಳ್ಕೊಳ್ಳೋಣು,” ಎಂದು ಒಮ್ಮೆ ಅಂದ. ತಸ್ಲೀಮ ಅವತ್ತು ರಾತ್ರಿ ಸಾರಿಗೆ ಉಪ್ಪು ಹಾಕಲಿಲ್ಲ, ಮರುದಿನ ಎರಡು ದಿನದ್ದನ್ನೂ ಕೂಡಿಸಿ ಹಾಕಿದಳು.

ಅಷ್ಟರಲ್ಲಿ ಬಬಲೇಶ್ವರದ ದೇವಾನಂದನ ಫೋನು ಬಂತು. ಮಿಲಿಟರಿಯಲ್ಲಿ ದುಡಿದು ನಿವೃತ್ತನಾದವನು, ಲೈಸೆನ್ಸ್ ಆಗಿದೆ, ಬಂದೂಕು ಹುಡುಕುತ್ತಿದ್ದಾನೆ. ಸ್ಟೇಶನ್ನಿಗೆ ಬಂದವನು ಮೊದಲು ಮದೀನಾಬಿಗೆ ನಮಸ್ಕಾರ ಮಾಡಿದ. ಬಂದೂಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮಡಚಿ, ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದ. ಬಹಳ ಹೊತ್ತು ನೋಡಿದ.

“ಅಮ್ಮಾರ,” ಎಂದ ದೇವಾನಂದ, “ಚಾಚಾ ಇದನ್ನ ಮಗಳಂಗ ನೋಡ್ಕೊಂಡಾರ್ರಿ.”

ಮದೀನಾಬಿ ಅತ್ತರು. ಭಾಗಪ್ಪ ಹವಾಲ್ದಾರರು ಕುರ್ಚಿ ಕೊಟ್ಟರು. ಅತ್ತು ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. “ಏನ ಮಾಡಾವ, ಯಪ್ಪಾ, ಇದರಲೆ?”

“ಗನ್‌ಮ್ಯಾನ್ ನೌಕರಿ ಹಿಡಿಯಾವ್ರಿ. ನಿಂತು ಕಾಯೂದಷ್ಟ. ದೇವರ ದಯಾದಿಂದ ಹಾರಸೂ ಪ್ರಸಂಗ ಬರೂದಿಲ್ಲ.”

“ಎಲ್ಲೆ ನೌಕರಿ?” ಎಂದು ಅಶ್ಫಾಕ ಕೇಳಬಹುದಿತ್ತು. ಬಾಯಿ ತೆರೆದೂ ಇದ್ದ. ಆದರೆ ಅತ್ತೆ ಹೂಂ ಎಂದ ಆ ಪವಿತ್ರ ಗಳಿಗೆಯಲ್ಲಿ ನಡುವೆ ಬಾಯಿ ಹಾಕುವಷ್ಟು ಮೂರ್ಖ ತಾನಲ್ಲ ಎಂದುಕೊಂಡು ಮುಚ್ಚಿದ. (ಆಮೇಲೆ ಅನೇಕ ಸಲ ಅವನು ಆ ಗಳಿಗೆಯನ್ನು ನೆನೆದು ಹಣೆ ಬಡಿದುಕೊಂಡಿದ್ದಾನೆ.)

ಮುಂದಿನದೆಲ್ಲ ಬೆಣ್ಣೆಯಲ್ಲಿ ಕೂದಲು ಎಳೆದಂತೆ ನಡೆಯಿತು. ಕಚೇರಿಯಲ್ಲಿ ಅದೇ ಗುಮಾಸ್ತರು ಅದೇ ಪ್ರಶ್ನೆ ಕೇಳಿದಾಗ ಮದೀನಾಬಿ, “ಹೌದ್ರಿ, ಪೂರಾ ಖುಶೀಲೆ. ಹುಡುಗ ಭಾಳ ಚೊಲೋ ಅದಾನ,” ಎಂದರು. ಗುಮಾಸ್ತರು, ಇದು ಬಂದೂಕಿನ ಫೈಲೋ ಲಗ್ನದ ಫೈಲೋ ಎಂದು ಒಮ್ಮೆ ತಿರುವಿ ನೋಡಿ, ಮುಂದೆ ಕಳಿಸಿದರು. ಅನುಮತಿ ಬಂತು. ಬಂದೂಕಿನ ನಂಬರು ದೇವಾನಂದನ ಲೈಸೆನ್ಸಿಗೆ ಏರಿತು. ಅಶ್ಫಾಕ ಬರುವಾಗ ಅರ್ಧ ಕಿಲೋ ಜಿಲೇಬಿ ತಂದು, ಅವತ್ತು ಕುಕ್ಕರು ಸೀಟಿ ಹೊಡೆದರೂ ಜಾಗ ಬಿಟ್ಟು ಕದಲಲಿಲ್ಲ.

ಸೋಮವಾರ ಸೊಸಾಯಿಟಿಯ ಮೆಟ್ಟಿಲು ಹತ್ತುವಾಗ ಬಾಗಿಲಲ್ಲಿ ಬೂಟು ಖಟ್ ಎಂದಿತು. “ಸಲಾಮ್, ಸಾಹೇಬ್ರ!” ಖಾಕಿ ಡ್ರೆಸ್ಸು, ಇಸ್ತ್ರಿ ಮಾಡಿದ ಟೊಪ್ಪಿಗೆ, ಹೆಗಲ ಮೇಲೆ ಮಾವನ ಜೋಡುನಳಿಗೆ.

“ನೀವು ಇಲ್ಲೇನು!”

“ನಿಮ್ಮ ಚೇರಮನ್ನರು ಕರದಾರ್ರಿ. ತಿಕೋಟಾದಾಗ ಹೊಸಾ ಬ್ರಾಂಚ್ ತಗಿತಾರಂತಲ್ರಿ, ಕ್ಯಾಶ್ ಒಯ್ಯಾಕ ಗನ್‌ಮ್ಯಾನ್ ಬೇಕಂತ. ಕ್ಯಾಶಿಯರ್ ಸಾಹೇಬ್ರ ಸಂಗಾಟ ದಿನಾ ನಾನ ಬರಾವ.”

ಹೀಗೆ, ಯಾವ ವಸ್ತುವಿನಿಂದ ಬಿಡುಗಡೆ ಪಡೆಯಲು ಅಶ್ಫಾಕ ರಜೆ, ಸಂಬಳ, ಊಟದ ರುಚಿ ಎಲ್ಲವನ್ನೂ ತೆತ್ತಿದ್ದನೋ, ಅದು ಈಗ ಅವನ ನೋಟಿನ ಕಿಟಕಿಯ ಎದುರೇ ಬೆಳಗಿನಿಂದ ಸಂಜೆತನಕ ನಿಲ್ಲತೊಡಗಿತು. ಮನೆಯಲ್ಲಿ ತಸ್ಲೀಮ, “ಅಬ್ಬಾನ ಬಂದೂಕ ಹೆಂಗೈತಿ?” ಎಂದು ದಿನಾ ಕೇಳುತ್ತಿದ್ದಳು. ಗಂಡ ಹೇಗಿದ್ದಾನೆ ಎಂಬುದು ಎದುರಿಗೇ ಕಾಣುತ್ತಿದ್ದುದರಿಂದ ಕೇಳುತ್ತಿರಲಿಲ್ಲ.

ಮೊದಲ ಸಲ ತಿಕೋಟಾಕ್ಕೆ ಕ್ಯಾಶ್ ಒಯ್ದ ದಿನ, ಬ್ರಾಂಚಿನ ಬಾಗಿಲಲ್ಲಿ ಮದೀನಾಬಿ ಮೊದಲೇ ಬಂದು ನಿಂತಿದ್ದರು. ಗಾಡಿ ನಿಂತದ್ದೇ ತಡ ಒಳಗೆ ಇಣುಕಿದರು. ಮುಂದೆ ಡ್ರೈವರನ ಪಕ್ಕದಲ್ಲಿ ಅಶ್ಫಾಕ. ಹಿಂದೆ ಪೆಟ್ಟಿಗೆಯ ಪಕ್ಕದಲ್ಲಿ ದೇವಾನಂದ, ಅವನ ಮೊಣಕಾಲುಗಳ ನಡುವೆ ಬಂದೂಕು.

“ಇದೇನ್ರಿ, ಅಳಿಯಂದ್ರ! ಆ ರಸ್ತಾಕ್ಕ ಹಿಂದ ಕುಂತ್ರ ಎಷ್ಟ ಧಕ್ಕಿ ಹತ್ತತಾವ! ಹೋಗುವಾಗ ಬಂದೂಕ ಮುಂದ ಕುಂದ್ರಲಿ. ಕಿಡಕಿ ಕಡೆ ಗಾಳೀನೂ ಬರತೈತಿ.”

“ಮತ್ತ ನಾನು, ಅಮ್ಮಾ?”

“ನಿಮಗೇನ್ರಿ? ನೀವು ಗಟ್ಟಿ ಅದೀರಿ.”

ಮದುವೆಯಾದಂದಿನಿಂದ ಅತ್ತೆ ಅವನನ್ನು ಗಟ್ಟಿ ಎಂದು ಕರೆದದ್ದು ಅದೇ ಮೊದಲು. ಇಲ್ಲ ಎನ್ನಲು ಅಶ್ಫಾಕನಿಗೆ ಬಾಯಿ ಬರಲಿಲ್ಲ. ವಾಪಸು ಹೊರಟಾಗ ಸುಮ್ಮನೆ ಹಿಂದಿನ ಬಾಗಿಲು ತೆಗೆದು, ಖಾಲಿ ಪೆಟ್ಟಿಗೆಯನ್ನು ತಬ್ಬಿ ಕುಳಿತ.