ಟರ್ಮಿನೇಟ್ ಮಾಡಿದ್ದಕ್ಕ ಪೇಡೆ

ಇಂಗ್ಲಿಷಿನ ಯಾವ ಶಬ್ದ ಯಾರ ಬಾಯಾಗ ಸಿಕ್ಕು ಏನಾಗತದೋ, ಆ ದೇವರಿಗೇ ಗೊತ್ತು. ಸನತ್‌ನಗರದ ಸಣ್ಣ ಫ್ಯಾಕ್ಟರಿಯೊಂದರಾಗ ಟೈಪಿಸ್ಟ್ ಆಗಿರೋ ನನ್ನ ಪಾಲಿಗೆ ಬಂದದ್ದು 'ಟರ್ಮಿನೇಟ್'. ನಮ್ಮ ಸಾಹೇಬರು ಬೀದರ ಕಡೆಯವರು, ಅವರಿಗೆ ಆ ಶಬ್ದದ ಮ್ಯಾಲೆ ಭಾಳ ಪ್ರೀತಿ. 'ಮುಗಿಸ್ರಿ' ಅಂದ್ರ ಸಪ್ಪಗಾಗತದಂತ!

ಇಲಿ

ಗೋಡೌನಿನಾಗ ಇಲಿ ಹೆಚ್ಚಾದವು. "ಒಂದೂ ಬಿಡದಂಗ ಟರ್ಮಿನೇಟ್ ಮಾಡ್ರಿ!" ಅಂತ ಸಾಹೇಬರು ಗುಡುಗಿದರು. ನಾನೋ, ಆ ಶಬ್ದವನ್ನ ನೌಕರಿಯಿಂದ ತೆಗೆಯೋ ಪತ್ರದಾಗ ಮಾತ್ರ ಟೈಪ್ ಮಾಡಿದಾಂವ.

"ಒಂದು ತಿಂಗಳ ನೋಟಿಸ್ ಕೊಡೋಣೇನ್ರಿ, ಸರ್?" ಅಂದೆ.

ಗಡಿಕಲ್ಲು

ಅವತ್ತು ಸಂಜಿಕೆ ಮಲ್ಕಾಜ್‌ಗಿರಿಯ ಮನಿಗೆ ಬಂದು ಡಿಕ್ಷನರಿ ತೆಗೆದೆ. ಲ್ಯಾಟಿನ್ ಮೂಲವಂತ. 'ಟರ್ಮಿನಸ್' ಅಂದ್ರ ಗಡಿ, ಗಡಿಕಲ್ಲು. ರೋಮಿನವರು ಅದನ್ನ ದೇವರಂತ ಪೂಜಿಸ್ತಿದ್ದರು. "ನೋಡು, ಗಡಿಕಲ್ಲಿಗೆ ಎಷ್ಟು ಮರ್ಯಾದಿ!" ಅಂತ ಹೆಂಡತಿ ಮುಂದ ಪಂಡಿತನಂಗ ಹೇಳಿದೆ.

ಆಕಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ಅದಕ್ಕೇ ನಿಮ್ಮಪ್ಪ ಅದನ್ನ ವರ್ಷಾ ಒಂದೊಂದು ಗೇಣು ನಿಮ್ಮ ಕಾಕಾನ ಹೊಲದಾಗ ಮೆರವಣಿಗಿ ಮಾಡಿಸ್ತಿದ್ರೇನ್ರಿ?"

ಪೇಡೆ

ನಮ್ಮ ಫ್ಯಾಕ್ಟರಿಯಾಗ ಯಾದಗಿರಿ ಕಡೆಯ ಹಮಾಲರೊಬ್ಬರಿದ್ದರು, ಎಲ್ಲಾರೂ ಅವರಿಗೆ 'ಮಾಮಾ' ಅಂತಿದ್ವಿ. ಕೆಲಸ ಖಾಯಂ ಆಗಲಿ ಅಂತ ಎಷ್ಟೋ ವರ್ಷದಿಂದ ಕಾಯಾಕತ್ತಿದ್ದರು. ಬೆನ್ನುನೋವಂತ ಎಂಟು ದಿನ ರಜಾ ಹಾಕಿದ್ದಕ್ಕ ಸಾಹೇಬರು ಸಿಟ್ಟಿಗೆದ್ದು ತೆಗೆದುಹಾಕಿದರು. ಆ ಪತ್ರ ಟೈಪ್ ಮಾಡಿದಾಂವ ನಾನ. ಸಂಕಟ ಆತು, ಆದರೂ ಮಾಡಿದೆ. ನನಗೂ ಹೊಟ್ಟಿ ಐತಲ್ರಿ.

ಪತ್ರ ಕೈಗೆ ಸಿಕ್ಕ ಮರುದಿನ ಮಾಮಾ ಪೇಡೆ ಡಬ್ಬಿ ಹಿಡಕೊಂಡು ಸೀದಾ ಸಾಹೇಬರ ಕೋಣೆಗೆ ನುಗ್ಗಿದರು. ಹಿಂದ ನಾನೂ ಓಡಿದೆ. ಒಂದು ಪೇಡೆ ಸಾಹೇಬರ ಬಾಯಿಗೇ ಇಟ್ಟು, "ಟರ್ಮಿನೇಟ್ ಮಾಡಿದ್ರಲ್ಲಾ, ನಿಮ್ಮ ಹೊಟ್ಟಿ ತಣ್ಣಗಿರಲಿ!" ಅಂತ ಕೈ ಮುಗಿದರು.

"ಮಾಮಾ, ಹಂಗಂದ್ರ ಏನಂತ ತಿಳಿದೀರಿ?" ಅಂದೆ ನಾನು.

"ಸ್ಟೇಷನ್ನಾಗ ದಿನಾ ಕೇಳ್ತೀನಲ್ರೀ! ಗಾಡಿ ಟರ್ಮಿನೇಟ್ ಆತಂದ್ರ ಊರು ಮುಟ್ಟಿತು, ಮುಂದ ಎಲ್ಲಿಗೂ ಹೋಗಂಗಿಲ್ಲ. ನಾನೂ ಇನ್ನ ಎಲ್ಲಿಗೂ ಹೋಗಂಗಿಲ್ಲ!"

ಸಾಹೇಬರಿಗೆ ಪೇಡೆ ನುಂಗಾಕೂ ಆಗವಲ್ದು, ಉಗುಳಾಕೂ ಆಗವಲ್ದು. ಕಡೀಕೆ ನನ್ನ ಕಡೆ ತಿರುಗಿ, "ತಪ್ಪು ಟೈಪ್ ಮಾಡೀಯಲ್ಲೋ! 'ಕನ್ಫರ್ಮ್' ಅಂತ ಹೊಸಾ ಪತ್ರ ಮಾಡು!" ಅಂತ ಬೈದರು. ಅಷ್ಟು ಖುಷಿಯಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಹೊಸಾ ಪತ್ರ ಕೊಟ್ಟೆ. ಮಾಮಾ ಅಕ್ಷರ ಕೂಡಿಸಿ ಓದಿದರು. ಮಾರಿ ಸಣ್ಣದಾತು.

"ನನ್ನ ಟರ್ಮಿನೇಟ್ ಕಿತ್ಕೊಂಡ್ರೇನ್ರಿ? ಅದೂ ಪೇಡೆ ತಿಂದ ಮ್ಯಾಲೆ?"