ಸಂಜೆಯೊಳಗೆ ಡಿಗ್ರಿಯ ಬೆಲೆ

ಮದರಾಸಿನ ಕೋಡಂಬಾಕ್ಕಂನಲ್ಲಿ ಒಂದು ಮದುವೆ ಊಟ. ಪಾಯಸ ಬಡಿಸುವ ಹೊತ್ತಿಗೆ ಪಕ್ಕದ ಎಲೆಯವರು ಚೆಟ್ಟಿಯಾರರನ್ನು ಒಂದು ಮಾತು ಕೇಳಿದರು. ನಿಮ್ಮ ಫ್ಯಾಕ್ಟರಿಗೆ ಹೊಸದಾಗಿ ಒಬ್ಬ ಇಂಜಿನಿಯರು ಬಂದಿದ್ದಾನಂತಲ್ಲ, ಅವನು ಮಾಡುವುದೇನು? ಚೆಟ್ಟಿಯಾರರು ಯೋಚಿಸಿದರು. ಪಾಯಸ ಎಲೆಯ ಮೇಲೆ ಹರಿದು ಹೋಯಿತು, ಉತ್ತರ ಮಾತ್ರ ಹೊಳೆಯಲಿಲ್ಲ. ಆ ಪಾಯಸದ ಸಿಟ್ಟು ಮರುದಿನ ಬೆಳಿಗ್ಗೆ ವಿಷ್ಣುತೀರ್ಥನ ಮೇಲೆ ಬಂದು ಬಿತ್ತು.

ವಿಷ್ಣುತೀರ್ಥ ತಿರುವಲ್ಲಿಕ್ಕೇಣಿಯ ಹುಡುಗ. ಓದಿದ್ದು ಇಂಡಸ್ಟ್ರಿಯಲ್ ಇಂಜಿನಿಯರಿಂಗ್. ಸಿವಿಲ್ ಎಂದರೆ ಕಟ್ಟಡ, ಎಲೆಕ್ಟ್ರಿಕಲ್ ಎಂದರೆ ಕರೆಂಟು ಎಂದು ಬೀದಿಯವರಿಗೆಲ್ಲ ಗೊತ್ತು. ಇಂಡಸ್ಟ್ರಿಯಲ್ ಎಂದರೇನೆಂದು ಅವನ ತಾಯಿಗೂ ಗೊತ್ತಿರಲಿಲ್ಲ. ಮಾವ ಭೋಜರಾಜರಂತೂ ಅಳಿಯನಿಗೆ ಸ್ವಂತ ಇಂಡಸ್ಟ್ರಿ ಇದೆ ಎಂದೇ ತಿಳಿದು ಮಗಳು ಅನಸೂಯಳನ್ನು ಕೊಟ್ಟಿದ್ದರು. ಎಪ್ಪತ್ತೆಂಟನೆಯ ಇಸವಿ, ಇಂಜಿನಿಯರುಗಳು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಮುಂದೆ ಚಪ್ಪಲಿ ಸವೆಸುತ್ತಿದ್ದ ಕಾಲ. ವಿಷ್ಣುತೀರ್ಥನೂ ಸಾಕಷ್ಟು ಸವೆಸಿ, ಕೊನೆಗೆ ತಿರುವೊಟ್ಟಿಯೂರಿನ ಈ ಟಿಫಿನ್ ಕ್ಯಾರಿಯರ್ ಫ್ಯಾಕ್ಟರಿ ಸೇರಿದ್ದ. ಅದೂ ಡಿಗ್ರಿಯ ಬಲದಿಂದಲ್ಲ. ಚೆಟ್ಟಿಯಾರರ ಮನೆಮಾತು ಕನ್ನಡ, ಇಂಟರ್‌ವ್ಯೂನಲ್ಲಿ ಇವನೂ ಕನ್ನಡ ಆಡಿದ, ಅಷ್ಟೇ. ಅನಸೂಯಳಿಗೆ ಈಗ ಏಳು ತಿಂಗಳು.

ಚೆಟ್ಟಿಯಾರರು ಕೂರಲು ಹೇಳಲಿಲ್ಲ. "ತಂಬಿ, ನಿನ್ನ ಮೇಲೆ ನನಗೇನೂ ಕೋಪ ಇಲ್ಲ," ಎಂದರು. ಅವರು ಹಾಗೆ ಹೇಳಿದ ಮೇಲೆ ಆ ಫ್ಯಾಕ್ಟರಿಯಲ್ಲಿ ಉಳಿದವರು ಯಾರೂ ಇರಲಿಲ್ಲ. "ಮೆಷಿನ್ ಕೆಟ್ರೆ ಮೆಕ್ಯಾನಿಕ್ ಮಾಡ್ತಾನೆ. ಲೆಕ್ಕ ರಾಯರು ಬರೀತಾರೆ. ನಿನ್ನ ಓದು ನನಗೆ ಎಷ್ಟು ರೂಪಾಯಿ ತಂದು ಕೊಡ್ತದೆ? ಸಾಯಂಕಾಲದೊಳಗೆ ಹೇಳು, ಪೋದುಂ, ಅಷ್ಟು ಸಾಕು. ಹೇಳೋಕೆ ಆಗದಿದ್ರೆ ರಾಯರ ಹತ್ರ ಸಂಬಳ ತಗೊಂಡು ಹೋಗು."

ವಿಷ್ಣುತೀರ್ಥ ಹೊರಗೆ ಬಂದ. ಕಾಲೇಜಿನಲ್ಲಿ ಕಲಿಸಿದ್ದು ಒಂದೇ: ಎಲ್ಲಿ ಕೆಲಸ ವ್ಯರ್ಥವಾಗುತ್ತದೋ ನೋಡು, ಉಳಿಸು. ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ಪ್ರೆಸ್ ವಿಭಾಗಕ್ಕೆ ಹೋದ. ಅಲ್ಯೂಮಿನಿಯಂ ತಗಡುಗಳನ್ನು ಒತ್ತಿ ಡಬ್ಬಿ ಮಾಡುವ ಜಾಗ ಅದು. ವಾಚಿನ ಗುಂಡಿ ಒತ್ತಿದ್ದೇ ತಡ, ಸದ್ದು ಮಾಡುತ್ತಿದ್ದ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಬೆನ್ನ ಹಿಂದೆ ಯಾರದೋ ಉಸಿರು. ತಿರುಗಿ ನೋಡಿದರೆ ಯೂನಿಯನ್ ಲೀಡರ್ ಬಾಬು, ಗೋದ್ರೇಜ್ ಬೀರುವಿಗೆ ಮೀಸೆ ಬರೆದ ಹಾಗೆ ನಿಂತಿದ್ದ.

"ತೀರ್ಥಂ ಸಾರ್," ಎಂದು ಬಾಬು ತಮಿಳಿನಲ್ಲಿ ಬಹಳ ಮೆತ್ತಗೆ ಕೇಳಿದ, "ಯಾರ ಸೋತ್ತಿಗೆ ಮಣ್ಣು ಹಾಕೋಕೆ ಈ ಗಡಿಯಾರ?"

ಯಾರ ಅನ್ನಕ್ಕೂ ಅಲ್ಲ, ವಾಚು ನಿಂತುಹೋಗಿದೆ, ಓಡುತ್ತದೋ ಎಂದು ನೋಡುತ್ತಿದ್ದೇನೆ ಎಂದು ವಿಷ್ಣುತೀರ್ಥ ತೊದಲಿದ. ಬಾಬು ವಾಚನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದ. ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಹಿಂದಕ್ಕೆ ಕೊಟ್ಟ. ಬೈದಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಲೆಕ್ಕ ಬರೆಯುವ ತಿರುಮಲರಾಯರು ಧಾರವಾಡದ ಕಡೆಯವರು. ಅವರು ಕರೆದು, ಸ್ಟೋರ್ಸ್‌ನ ರಮೇಶ್ ಇಡೀ ದಿನ ಪೇಪರ್ ಓದುತ್ತಾನೆ, ಮೊದಲು ಅವನನ್ನು ಅಳೆಯಿರಿ ಎಂದು ಕಿವಿಯಲ್ಲಿ ಹೇಳಿದರು. ರಮೇಶ್ ಕಪಾಟಿನ ಮರೆಗೆ ಎಳೆದುಕೊಂಡು ಹೋಗಿ, ರಾಯರು ಮಧ್ಯಾಹ್ನ ಕಣ್ಣು ತೆರೆದೇ ನಿದ್ದೆ ಮಾಡುತ್ತಾರೆ, ಉಳಿತಾಯ ಅಲ್ಲಿಂದಲೇ ಶುರುವಾಗಲಿ ಎಂದ. ಊಟದ ಬೆಲ್ಲಾಗುವಷ್ಟರಲ್ಲಿ, ಅರ್ಧ ಜನರನ್ನು ಮನೆಗೆ ಕಳಿಸುವ ಪಟ್ಟಿ ತೀರ್ಥಂ ಸಾರ್ ಜೇಬಿನಲ್ಲಿದೆ ಎಂಬ ಸುದ್ದಿ ಗೇಟಿನವರೆಗೂ ಮುಟ್ಟಿತ್ತು.

ಅಂದು ಕ್ಯಾಂಟೀನಿನಲ್ಲಿ ಅವನಿಗೆ ಎರಡು ವಡೆ ಬಡಿಸಿದರು. ಬೇಡವೆಂದರೂ ಮೂರನೆಯದು ಬಿತ್ತು. ಒಬ್ಬ ಫ್ಯಾನು ಇವನ ಕಡೆ ತಿರುಗಿಸಿದ, ಇನ್ನೊಬ್ಬ ನೀರು ತಂದಿಟ್ಟ. ಮಾರಿಗೆ ಬಿಟ್ಟ ಕೋಣಕ್ಕೆ ಮಾಡುವ ಉಪಚಾರ ಇದೇ ತರಹದ್ದಿರಬೇಕು ಎನಿಸಿ ಮೂರನೆಯ ವಡೆಯನ್ನು ತಟ್ಟೆಯ ಅಂಚಿಗೆ ಸರಿಸಿದ. ಬಾಗಿಲಲ್ಲಿ ಬಾಬು ಕಾಣಿಸಿಕೊಂಡು, ಈ ಕಡೆಗೇ ನಡೆದು ಬರತೊಡಗಿದ.

ವಿಷ್ಣುತೀರ್ಥ ಕೈ ತೊಳೆಯುವ ನೆಪದಲ್ಲಿ ಎದ್ದವನು ಕೈ ತೊಳೆಯಲೇ ಇಲ್ಲ. ಸೀದಾ ಪ್ರೆಸ್ ವಿಭಾಗದ ಹಿಂಭಾಗಕ್ಕೆ ಹೋಗಿ, ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂತ. ಊಟದ ಬಿಡುವು ಮುಗಿಯಿತು, ಯಂತ್ರಗಳು ಶುರುವಾದವು, ಇವನು ಮಾತ್ರ ಏಳಲಿಲ್ಲ. ಬೆನ್ನಿಗೆ ತಣ್ಣಗೆ ಏನೋ ತಗುಲುತ್ತಿತ್ತು. ಗೋಡೆ ಎಂದುಕೊಂಡಿದ್ದ. ಸ್ವಲ್ಪ ಹೊತ್ತಿಗೆ ಅದು ಸಣ್ಣಗೆ ನಡುಗುತ್ತಿರುವುದು ತಿಳಿಯಿತು. ನಡುಗುತ್ತಿರುವುದು ತಾನೋ ಅದೋ ಎಂದು ಕೈಯಿಟ್ಟು ನೋಡಿದ. ಅದೇ. ಕಬ್ಬಿಣದ ಬಾಗಿಲು. ತುಕ್ಕು ಹಿಡಿದ ದೊಡ್ಡ ಬೀಗ. ಆಚೆ ಕಡೆಯಿಂದ ಪಾಲಿಶ್ ಚಕ್ರಗಳ ಸದ್ದು.

ಪೆಟ್ಟಿಗೆಗಳ ಸಂದಿಯಿಂದ ನೋಡಿದ. ಡಬ್ಬಿಗಳ ಬುಟ್ಟಿ ಹೊತ್ತ ಸರಸ ಎಂಬ ಹೆಂಗಸು ಪ್ರೆಸ್ ವಿಭಾಗದಿಂದ ಹೊರಟಳು. ಗೇಟಿನ ಮುಂದೆ ಹಾದು, ಕ್ಯಾಂಟೀನು ಸುತ್ತಿ, ಬಾವಿ ಬಳಸಿ ಪಾಲಿಶ್ ವಿಭಾಗಕ್ಕೆ ಹೋಗುವುದು ದಾರಿ. ಇವನು ರೂಢಿಯಿಂದ ವಾಚು ಒತ್ತಿದ. ವಾಚಿನ ಮುಳ್ಳು ಸುತ್ತಿ ಸುತ್ತಿ ಸಾಕಾದ ಮೇಲೆ ಬಾಗಿಲ ಆಚೆ, ಇವನ ಬೆನ್ನಿಗೆ ಒಂದು ಗೇಣು ದೂರದಲ್ಲಿ, ಅವಳ ಬುಟ್ಟಿ ಧೊಪ್ಪೆಂದು ಇಳಿಯಿತು. ಅವಳಂಥವರು ಸಾಲು ಸಾಲಾಗಿ ದಿನವೆಲ್ಲ ಹಾಗೆ ಸುತ್ತುತ್ತಿದ್ದರು. ವಿಷ್ಣುತೀರ್ಥನ ಭಯ ಒಂದು ಗಳಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಲ್ಲೇ ಕೂತು ಲೆಕ್ಕ ಹಾಕಿದ.

ರಾಯರಿಗೆ ಆ ಬಾಗಿಲ ಮಾತೆತ್ತಿದ್ದೇ ಅವರು ಪೆನ್ನು ಕೆಳಗಿಟ್ಟರು. "ಆ ಬಾಗಲದ ಸುದ್ದಿಗೆ ಹೋಗಬ್ಯಾಡ್ರಿ. ದೊಡ್ಡ ಚೆಟ್ಟಿಯಾರು ತಮ್ಮ ಕೈಲೆ ಕೀಲಿ ಹಾಕ್ಯಾರ. ಅವರು ತೀರಿಕೊಂಡ ಮ್ಯಾಲೆ ಅದನ್ನ ಯಾರೂ ಮುಟ್ಟಿಲ್ಲ. ಮುಟ್ಟತೇನಿ ಅಂದವರು ಇಲ್ಲಿ ಉಳಿದಿಲ್ಲ."

ಭಯ ಹೋದಷ್ಟೇ ಬೇಗ ಹಿಂದಕ್ಕೆ ಬಂತು. ಹೇಳಿದರೂ ಕೆಲಸ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. ಅನಸೂಯಳ ಮುಖ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಮಾವನ ಮುಖ. ಚೆಟ್ಟಿಯಾರರ ಕೋಣೆಯ ಮುಂದೆ ನಾಲ್ಕು ಸಲ ಹೋಗಿ ಐದನೆಯ ಸಲ ಒಳಗೆ ಕಾಲಿಟ್ಟ. ಬಾಗಿಲು, ಬೀಗ, ಸುತ್ತು ದಾರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ಚೆಟ್ಟಿಯಾರರು ಕೇಳಿಸಿಕೊಂಡರು. ಎದ್ದು ಪ್ರೆಸ್ ವಿಭಾಗದ ಕಡೆ ನಡೆದರು. ವಿಷ್ಣುತೀರ್ಥ ಹಿಂದೆ, ಅವನ ಹಿಂದೆ ರಾಯರು, ರಮೇಶ್, ಕೊನೆಗೆ ಬಾಬು. ಪೆಟ್ಟಿಗೆಗಳನ್ನು ಸರಿಸಿದ್ದಾಯಿತು. ಚೆಟ್ಟಿಯಾರರು ಬಗ್ಗಿ ಬೀಗವನ್ನು ಕೈಯಲ್ಲಿ ಎತ್ತಿ ನೋಡಿದರು. ಸುತ್ತ ಯಂತ್ರಗಳು ಮತ್ತೆ ಒಂದೊಂದಾಗಿ ನಿಂತವು. ವಿಷ್ಣುತೀರ್ಥ ಮನಸ್ಸಿನಲ್ಲೇ ಗುರುರಾಯರ ಸ್ತೋತ್ರ ಶುರು ಮಾಡಿ ಎರಡನೆಯ ಸಾಲು ಮರೆತ.

"ಅಪ್ಪಾ ಹಾಕಿದ ಬೀಗ," ಎಂದರು ಚೆಟ್ಟಿಯಾರರು. "ಪುಯಲ್, ಬಿರುಗಾಳಿ ಮಳೆ ಬಂದ ವರ್ಷ ನೀರು ನುಗ್ತು ಅಂತ ಹಾಕಿದ್ರು. ಆಮೇಲೆ ಬೀಗದಕೈ ಕಳೆದುಹೋಯ್ತು. ತೆಗೀರಿ ಅಂತ ನನ್ನ ಹತ್ರ ಇಷ್ಟು ವರ್ಷ ಒಬ್ಬನೂ ಹೇಳಲಿಲ್ಲ."

ಬಾಬು ಸುತ್ತಿಗೆ ತಂದು ಎರಡು ಏಟು ಹಾಕಿದ. ಬಾಗಿಲು ಅರಚುತ್ತಾ ತೆರೆಯಿತು. ಸರಸ ಬುಟ್ಟಿಯೊಂದಿಗೆ ಈ ಕಡೆಯಿಂದ ಆ ಕಡೆಗೆ ಕಾಲಿಟ್ಟು, ದಾರಿ ಮುಗಿದುಹೋಯಿತೆಂದು ನಂಬಲಾಗದೆ ಸ್ವಲ್ಪ ಹೊತ್ತು ಹಾಗೇ ನಿಂತಳು. ಯಾರ ಅನ್ನಕ್ಕೂ ಮಣ್ಣು ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆ ಬಾಬು ಇವನ ಕೈ ಕುಲುಕಿದ. ಬೆರಳುಗಳೆಲ್ಲ ಇವೆಯೇ ಎಂದು ವಿಷ್ಣುತೀರ್ಥ ಮೆಲ್ಲಗೆ ನೋಡಿಕೊಂಡ.

ಕೋಣೆಯಲ್ಲಿ ಚೆಟ್ಟಿಯಾರರು ಈ ಸಲ ಕೂರಲು ಹೇಳಿದರು. ಕಾಫಿ ತರಿಸಿದರು. ವಿಷ್ಣುತೀರ್ಥ ಲೆಕ್ಕ ಒಪ್ಪಿಸಿದ: ಸುತ್ತಾಟದಲ್ಲಿ ಒಂದು ವರ್ಷಕ್ಕೆ ದಂಡವಾಗುತ್ತಿದ್ದ ಹೊತ್ತಿನ ಕೂಲಿ, ಇವನ ವರ್ಷದ ಸಂಬಳದ ಎರಡರಷ್ಟು. ಚೆಟ್ಟಿಯಾರರು ಮನಸ್ಸಿನಲ್ಲೇ ಗುಣಿಸಿ ನೋಡಿ, ಸರಿ ಎಂದು ತಲೆಯಾಡಿಸಿದರು. ಒಳ್ಳೆಯ ಓದು, ಬೆಲೆಯುಳ್ಳ ಓದು ಎಂದರು. ಆ ಮಾತನ್ನು ಅವನ ಬದುಕಿನಲ್ಲಿ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ಇದನ್ನ ಕಂಡುಹಿಡಿಯೋಕೆ ನಿನಗೆ ಎಷ್ಟು ಹೊತ್ತು ಹಿಡೀತು?"

ಬೆಳಗಿನಿಂದ ಹೆದರಿ ಸತ್ತಿದ್ದವನಿಗೆ ಈಗಷ್ಟೇ ಜೀವ ಬಂದಿತ್ತು. ಅದರ ಜೊತೆಗೆ ಸ್ವಲ್ಪ ಜಂಬವೂ ಬಂತು. "ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ ಸಾರ್. ಊಟ ಆದ ಮೇಲೆ ಕೂತೆ, ಸಿಕ್ತು."

"ಬೆಳಿಗ್ಗೆ ನಾನು ಹೇಳಿದೆ, ಸಾಯಂಕಾಲಕ್ಕೆ ನೀನು ಮುಗಿಸಿದೆ," ಎಂದರು ಚೆಟ್ಟಿಯಾರರು, ನಿಜವಾದ ಗೌರವದಿಂದ. "ವ್ಯರ್ಥ ಆಗೋದನ್ನ ಉಳಿಸಬೇಕು ಅಂತ ತಾನೆ ನಿಮಗೆ ಕಲಿಸೋದು? ನಾನೂ ಇವತ್ತು ಕಲಿತೆ ನೋಡು. ಒಂದು ದಿನದ ಕೆಲಸಕ್ಕೆ ವರ್ಷ ಪೂರಾ ಸಂಬಳ ಕೊಡ್ತಿದ್ದೆ." ಗಂಟೆ ಒತ್ತಿ, ಲೆಕ್ಕ ತೀರಿಸಲು ರಾಯರನ್ನು ಕರೆಸಿದರು. "ಇನ್ಮೇಲೆ ನೀನು ವರ್ಷಕ್ಕೆ ಒಂದು ದಿನ ಬಾ ತಂಬಿ."

ವಿಷ್ಣುತೀರ್ಥ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟು ಮುಂದಕ್ಕೆ ಬಾಗಿದ. "ಸಾರ್, ಫ್ಯಾಕ್ಟರಿಯಲ್ಲಿ ಇನ್ನೂ ಇಂಥವು ಬೇಕಾದಷ್ಟಿರಬಹುದು ಸಾರ್."

"ಇರ್ತದೆ, ಇರ್ತದೆ," ಎಂದರು ಚೆಟ್ಟಿಯಾರರು ಪ್ರೀತಿಯಿಂದ. "ಎಲ್ಲಾ ಇವತ್ತೇ ತೆಗೆದುಬಿಟ್ರೆ ಬರೋ ವರ್ಷ ನಿನಗೆ ಏನು ಕೆಲಸ ಕೊಡ್ಲಿ? ಕಾಫಿ ಕುಡಿ."